ಸ್ಟೆಬಿಲೈಸರ್ ಕೊಳ್ಳುವ ಮೊದಲು ನ್ಯೂಟ್ರಲ್ ನೋಡಿಸಿ

ಸಂಜೆ ವೋಲ್ಟೇಜ್ 170ಕ್ಕೆ ಇಳಿದು ಆಂಪ್ಲಿಫೈಯರ್ ಗುಂಯ್‌ಗುಡುತ್ತದೆ, ರಿಲೇ ಸ್ಟೆಬಿಲೈಸರ್ (ವೋಲ್ಟೇಜನ್ನು ಹಂತಹಂತವಾಗಿ ಬದಲಿಸುವುದು) ಒಳ್ಳೆಯದೋ ಸರ್ವೋ (ಮೋಟರಿನಿಂದ ನಯವಾಗಿ ಸರಿಹೊಂದಿಸುವುದು) ಒಳ್ಳೆಯದೋ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ.

ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮನೆಗೆ ಮೂರು ಫೇಸ್ ಸಂಪರ್ಕ. ಜಗಲಿಯಲ್ಲಿದ್ದ ಅಪ್ಪಯ್ಯನ ಆಂಪ್ಲಿಫೈಯರ್, ಬಚ್ಚಲಿನ ಗೀಸರ್ ಎರಡೂ ಒಂದೇ ಫೇಸಿನಲ್ಲಿದ್ದವು. ಗೀಸರ್ ಹಾಕಿದರೆ ಜಗಲಿಯ ದೀಪ ಮಂಕಾಗುತ್ತಿತ್ತು, ತಾಳಮದ್ದಳೆಯ ಕ್ಯಾಸೆಟ್ಟಿನಲ್ಲಿ ಅರ್ಥಧಾರಿಯ ಮಾತಿನ ಹಿಂದೆ ಗುಂಯ್ ಎನ್ನುವ ಸದ್ದು ಏಳುತ್ತಿತ್ತು. ಪೇಟೆಯಿಂದ ಅಗ್ಗದ ರಿಲೇ ಸ್ಟೆಬಿಲೈಸರ್ ತಂದೆ. ಸದ್ದು ನಿಂತಿತು, ನಾನೂ ಅಷ್ಟಕ್ಕೇ ಸುಮ್ಮನಾದೆ. ಆದರೆ ಜಗಲಿಯ ದೀಪ ಮಂಕಾದಾಗಲೆಲ್ಲ ಬೇರೆ ಫೇಸಿನಲ್ಲಿದ್ದ ಅಡುಗೆಮನೆಯ ಬಲ್ಬು ಎಂದಿಗಿಂತ ಬೆಳ್ಳಗೆ ಉರಿಯುತ್ತಿತ್ತು. ನ್ಯೂಟ್ರಲ್, ಅಂದರೆ ಮೂರೂ ಫೇಸಿನ ಕರೆಂಟು ಹಿಂದಿರುಗುವ ಒಂದೇ ತಂತಿ, ಸಡಿಲವಾಗಿದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಗುರುತಿಲ್ಲ. ನ್ಯೂಟ್ರಲ್ ಗಟ್ಟಿಯಾಗಿದ್ದರೆ ಪ್ರತಿ ಫೇಸಿಗೂ ಸುಮಾರು 230 ಸಿಗುತ್ತದೆ. ಅದು ಕೈಕೊಟ್ಟರೆ ಎರಡು ಫೇಸುಗಳ ನಡುವಿನ 400 ವೋಲ್ಟ್ ಹಂಚಿಹೋಗುತ್ತದೆ: ಹೆಚ್ಚು ಹೊರೆಯಿದ್ದ ಫೇಸಿಗೆ ಕಡಿಮೆ, ಹೊರೆಯಿಲ್ಲದ ಫೇಸಿಗೆ ಹೆಚ್ಚು.

ಸ್ಟೆಬಿಲೈಸರ್ ಇದನ್ನು ಇನ್ನಷ್ಟು ಕೆಡಿಸಿತು. ಒಳಗೆ 170 ಬಂದಾಗ ಅದು 1.3 ಪಟ್ಟು ಏರಿಸಿ 220 ಕೊಡುತ್ತಿತ್ತು. ಒಂದು ರಾತ್ರಿ ಗೀಸರ್ ಆರಿಸಿದ ಕೂಡಲೇ ಜಗಲಿಯ ಫೇಸ್ ಮೇಲಕ್ಕೆ ಜಿಗಿಯಿತು. 300 ಬಂತೆಂದು ಇಟ್ಟುಕೊಳ್ಳಿ. ರಿಲೇ ಟಕ್ ಎಂದು ಟ್ಯಾಪ್ (ಏರಿಕೆಯ ಹಂತ) ಬದಲಿಸುವವರೆಗೆ ಹೊರಬರುವುದು 390. ಆಂಪ್ಲಿಫೈಯರಿನೊಳಗೆ 45 ವೋಲ್ಟ್ ಇರಬೇಕಾದ ಕಡೆ, ಲೆಕ್ಕದ ಪ್ರಕಾರ, 70 ದಾಟುತ್ತದೆ. ಅಲ್ಲಿದ್ದ ಫಿಲ್ಟರ್ ಕೆಪಾಸಿಟರ್ ತಾಳುವುದು 63. ಅದರ ತಲೆ ಉಬ್ಬಿ ಬಿರಿದಿತ್ತು. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿ, ನೇರ ಡಿಸಿ ಹರಿದು ವೂಫರಿನ (ದಪ್ಪ ಸದ್ದಿನ ಸ್ಪೀಕರಿನ) ಕಾಯಿಲ್ ಕರಕಲಾಯಿತು. ಆಂಪ್ಲಿಫೈಯರನ್ನು ರಿಪೇರಿ ಮಾಡಿಸಿದೆ. ಆ ಹಳೆಯ ವೂಫರಿಗೆ ಜೋಡಿ ಇಂದಿಗೂ ಸಿಕ್ಕಿಲ್ಲ.

ಆದ್ದರಿಂದ ಇವತ್ತು ಸಂಜೆ ಮಲ್ಟಿಮೀಟರಿನಲ್ಲಿ ಆಂಪ್ಲಿಫೈಯರಿನ ಸಾಕೆಟ್ ಅಳೆಯಿರಿ. ಗೀಸರ್, ಮಿಕ್ಸಿ ಹಾಕಿ ಒಮ್ಮೆ, ಆರಿಸಿ ಒಮ್ಮೆ. ಬೇರೆ ಕೋಣೆಯ ಸಾಕೆಟ್ಟನ್ನೂ ಅಳೆಯಿರಿ. ಒಂದು ಕಡೆ ಇಳಿದು ಇನ್ನೊಂದು ಕಡೆ ಏರಿದರೆ ಆಂಪ್ಲಿಫೈಯರಿನ ಪ್ಲಗ್ ಕಿತ್ತಿಡಿ, ಫ್ರಿಜ್ಜಿನದನ್ನೂ ಕಿತ್ತಿಡಿ. ಮೀಟರ್ ಬೋರ್ಡಿಗೆ ನೀವು ಕೈ ಹಾಕಬೇಡಿ, ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್‌ನನ್ನು ಕರೆಸಿ. ದೋಷ ಕಂಬದಲ್ಲಿದ್ದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಡಿ. ನಮ್ಮಲ್ಲಿ ಕಂಬದ ಮೇಲಿನ ಜಾಯಿಂಟ್ ತುಕ್ಕು ಹಿಡಿದಿತ್ತು; ಲೈನ್‌ಮ್ಯಾನ್ ಹೊಸದಾಗಿ ಬಿಗಿದ ಮೇಲೆ ಸಂಜೆಯಲ್ಲೂ 220ಕ್ಕಿಂತ ಕೆಳಗಿಳಿದದ್ದಿಲ್ಲ.

ಇನ್ನೊಂದು ಮಾತು. ಟಿವಿಯ ಕೇಬಲ್ ಕಿತ್ತಾಗ ಆ ಸದ್ದು ನಿಲ್ಲುತ್ತದೆಯೇ ನೋಡಿ. ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಉಪಕರಣಗಳು ಎರಡು ದಾರಿಯಲ್ಲಿ ಭೂಮಿಗೆ ಜೋಡಿಯಾಗಿ ಹುಟ್ಟುವ ಸದ್ದು. ಯಾವ ಸ್ಟೆಬಿಲೈಸರಿನಿಂದಲೂ ಹೋಗುವುದಿಲ್ಲ.

ಎಲ್ಲ ಸರಿಯಿದ್ದೂ ಮೂರೂ ಫೇಸ್ ಒಟ್ಟಿಗೇ ಇಳಿಯುತ್ತಿದ್ದರೆ, ಲೈನ್ ಉದ್ದವಾಗಿರಬಹುದು. ಆಗ ಮಾತ್ರ ಸರ್ವೋ ಕೊಳ್ಳಿ, ಹೈ ವೋಲ್ಟೇಜ್ ಕಟ್-ಆಫ್ (ವೋಲ್ಟೇಜ್ ಮಿತಿ ಮೀರಿದರೆ ಕರೆಂಟು ಕಡಿಯುವ ಏರ್ಪಾಡು) ಇರುವುದನ್ನೇ ಕೇಳಿ ಪಡೆಯಿರಿ. ಅಳತೆಗಳನ್ನು ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.