ಬ್ಯಾಕ್ಟೀರಿಯಾ ಚಿನ್ನ ತೆಗೆಯಬಲ್ಲದೇ?

ಪ್ರಶ್ನೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ. ಎ. ನಟರಾಜನ್ ಅವರು ಬ್ಯಾಕ್ಟೀರಿಯಾ ಬಳಸಿ ಅದಿರಿನಿಂದ ಚಿನ್ನ ಪಡೆಯುವ ಬಗ್ಗೆ ಸಂಶೋಧನೆ ನಡೆಸಿದ್ದಾರೆಂದು ಓದಿದೆ. ಕಣ್ಣಿಗೆ ಕಾಣದ ಜೀವಿ ಚಿನ್ನವನ್ನು ಹೇಗೆ ತೆಗೆಯುತ್ತದೆ? ಆಗ ಸಯನೈಡ್ ಬೇಡವೇ?
— ಲಿಂಗಸುಗೂರಿನ ಓದುಗರು

ಉತ್ತರ: ಈ ಬ್ಯಾಕ್ಟೀರಿಯಾ ಚಿನ್ನವನ್ನು ಮುಟ್ಟುವುದೇ ಇಲ್ಲ. ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ಆಯುತ್ತಿದ್ದ ಜಾಲಗಾರರಿಗೆ ಸಿಗುತ್ತಿದ್ದುದು ಬಿಡಿಬಿಡಿಯಾದ ಕಣಗಳು. ನೀರಿಗಿಂತ ಹತ್ತೊಂಬತ್ತು ಪಟ್ಟು ಭಾರವಾದ ಚಿನ್ನ ತಾನಾಗಿ ತಳದಲ್ಲಿ ನಿಲ್ಲುತ್ತಿತ್ತು. ಕಲ್ಲಿನೊಳಗಿನ ಸಣ್ಣ ಕಣಗಳಿಗಾದರೆ ಅದಿರನ್ನು ನುಣ್ಣಗೆ ಅರೆದು ಅದರಲ್ಲಿನ ಚಿನ್ನವನ್ನು ಸಯನೈಡ್ ದ್ರಾವಣದಲ್ಲಿ ಕರಗಿಸಬೇಕು. 1887ರಲ್ಲಿ ಗ್ಲಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ರೂಪಿಸಿದ ಈ ವಿಧಾನವೇ ಇಂದಿಗೂ ಚಿನ್ನದ ಗಣಿಗಳ ಆಧಾರ.

ಆದರೆ ಕೆಲವು ಅದಿರುಗಳಲ್ಲಿ ಚಿನ್ನವು ಪೈರೈಟ್, ಆರ್ಸೆನೋಪೈರೈಟ್ ಎಂಬ, ಕಬ್ಬಿಣ ಮತ್ತು ಗಂಧಕ ಕೂಡಿದ ಖನಿಜಗಳ ಒಡಲೊಳಗೆ ಎಷ್ಟು ಸೂಕ್ಷ್ಮವಾಗಿ ಹುದುಗಿರುತ್ತದೆಂದರೆ, ಹಿಟ್ಟಿನಂತೆ ಅರೆದರೂ ಸಯನೈಡ್ ಅದರ ಬಳಿ ಸುಳಿಯಲಾರದು. ಹಿಂದೆ ಇಂಥ ಅದಿರನ್ನು ಕುಲುಮೆಯಲ್ಲಿ ಹುರಿಯುತ್ತಿದ್ದರು. ಗಂಧಕದ ಹೊಗೆಯ ಜೊತೆಗೆ ಆರ್ಸೆನಿಕ್ ಕೂಡ ಗಾಳಿಗೆ ಸೇರುತ್ತಿತ್ತು. ಅಸಿಡಿಥಿಯೊಬ್ಯಾಸಿಲಸ್ ಫೆರೋಆಕ್ಸಿಡಾನ್ಸ್ ಎಂಬ ಬ್ಯಾಕ್ಟೀರಿಯಾ ಅದೇ ಕೆಲಸವನ್ನು ಬೆಂಕಿಯಿಲ್ಲದೆ, ತೊಟ್ಟಿಯೊಳಗೆ ಮಾಡುತ್ತದೆ. ಕಬ್ಬಿಣ ಮತ್ತು ಗಂಧಕವನ್ನು ಉತ್ಕರ್ಷಿಸಿ (ಆಮ್ಲಜನಕದೊಡನೆ ಕೂಡುವಂತೆ ಮಾಡಿ) ಬದುಕುವ ಈ ಜೀವಿಗೆ ಬೇಕಾದುದು ಗಾಳಿ, ಹದವಾದ ಬಿಸಿ, ಸ್ವಲ್ಪ ಪೋಷಕಾಂಶ ಮತ್ತು ಬೇರೆ ಯಾವ ಜೀವಿಯೂ ಸಾಮಾನ್ಯವಾಗಿ ಸಹಿಸದಷ್ಟು ಹುಳಿ. ಕೆಲವು ದಿನಗಳಲ್ಲಿ ಪೈರೈಟಿನ ಗೋಡೆ ಕರಗಿ, ಚಿನ್ನ ಬಯಲಾಗುತ್ತದೆ. ದಕ್ಷಿಣ ಆಫ್ರಿಕದ ಫೇರ್‌ವ್ಯೂ ಗಣಿಯಲ್ಲಿ 1986ರಿಂದ ಇದು ವಾಣಿಜ್ಯ ಪ್ರಮಾಣದಲ್ಲಿ ನಡೆದಿದೆ.

ಸಯನೈಡ್ ಆಮೇಲೂ ಬೇಕೇ ಬೇಕು. ಅದಕ್ಕೂ ಮೊದಲು ಹುಳಿಯನ್ನು ಚೆನ್ನಾಗಿ ತೊಳೆದು, ಸುಣ್ಣ ಬೆರೆಸಿ ಕ್ಷಾರಗೊಳಿಸಬೇಕು; ಆಮ್ಲದ ಜೊತೆ ಸೇರಿದ ಸಯನೈಡ್ ಪ್ರಾಣಾಂತಕ ಅನಿಲವಾಗಿ ಹೊರಬರುತ್ತದೆ. ಈ ಹಂತವನ್ನು ಬಿಟ್ಟು ‘ಹಸಿರು ಗಣಿಗಾರಿಕೆ’ ಎಂದು ಬರೆಯುವವರನ್ನು ಕಂಡಾಗ ನನಗೆ ಸ್ವಲ್ಪ ಸಿಟ್ಟು ಬರುವುದುಂಟು.

ಪ್ರಶ್ನೆ: ಇದೇ ಬಗೆಯ ಜೀವಿಗಳಿಂದ ನಮ್ಮ ಕಡೆಯ ಕಬ್ಬಿಣದ ಅದಿರನ್ನೂ ಶುದ್ಧಗೊಳಿಸಬಹುದೇ?
— ಸಂಡೂರಿನ ಓದುಗರು

ಉತ್ತರ: ಪ್ರಯೋಗಾಲಯದ ಮಟ್ಟದಲ್ಲಿ ಸಾಧ್ಯವೆಂದು ತೋರಿಸಲಾಗಿದೆ, ಆದರೆ ಅಲ್ಲಿ ಕೆಲಸ ಮಾಡುವ ಜೀವಿಯೂ ಬೇರೆ, ತತ್ತ್ವವೂ ಬೇರೆ. ಹೆಮಟೈಟ್ ಎಂಬ ಕಬ್ಬಿಣದ ಅದಿರಿಗೆ ಅಂಟಿಕೊಂಡಿರುವ ಬೆಣಚು ಮತ್ತು ಜೇಡಿಯನ್ನು ಕಳೆಯಬೇಕೆಂದರೆ, ಯಾವ ಕಣ ನೀರಿಗೆ ಒಲಿಯುತ್ತದೆ, ಯಾವುದು ಗಾಳಿಗುಳ್ಳೆಗೆ ಅಂಟುತ್ತದೆ ಎಂಬುದನ್ನು ನೋಡಬೇಕು. ನೊರೆಯಲ್ಲಿ ತೇಲಿಸಿ ಬೇರ್ಪಡಿಸುವ ಇಡೀ ವಿದ್ಯೆ ನಿಂತಿರುವುದು ಕಣದ ಮೇಲ್ಮೈಯ ಮೇಲೆ, ಅದರ ತೂಕದ ಮೇಲಲ್ಲ. ನಟರಾಜನ್ ಅವರ ತಂಡವು ಮಣ್ಣಿನಲ್ಲಿ ಸಾಮಾನ್ಯವಾಗಿ ಸಿಗುವ ಪೀನಿಬ್ಯಾಸಿಲಸ್ ಪಾಲಿಮಿಕ್ಸಾ ಎಂಬ ಬ್ಯಾಕ್ಟೀರಿಯಾವನ್ನು ಬಳಸಿತು. ಅದು ಸ್ರವಿಸುವ ಲೋಳೆಯಂಥ ಬಹುಶರ್ಕರಗಳು ಹೆಮಟೈಟಿಗೆ ಅಂಟಿ ಅದನ್ನು ನೀರುಪ್ರಿಯವಾಗಿಸುತ್ತವೆ. ಪ್ರೋಟೀನುಗಳು ಬೆಣಚಿಗೆ ಅಂಟಿ ಅದು ನೀರನ್ನು ದೂರವಿಡುವಂತೆ ಮಾಡುತ್ತವೆ. ಆಗ ಬೆಣಚು ನೊರೆಯ ಜೊತೆ ಮೇಲೇರುತ್ತದೆ, ಹೆಮಟೈಟ್ ತಳದಲ್ಲಿ ಉಳಿಯುತ್ತದೆ. ಒಂದೇ ಜೀವಿಯ ಎರಡು ಸ್ರಾವಗಳು ಎರಡು ಕಲ್ಲುಗಳನ್ನು ಎದುರುಬದುರು ದಿಕ್ಕಿಗೆ ಕಳಿಸುವುದು ನನ್ನ ಮಟ್ಟಿಗೆ ಈ ಸಂಶೋಧನೆಯ ಅತ್ಯಂತ ಸ್ವಾರಸ್ಯಕರ ಭಾಗ.

ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ಆದದ್ದು ದಿನಕ್ಕೆ ಸಾವಿರಾರು ಟನ್ ಅರೆಯುವ ಕಾರ್ಖಾನೆಯಲ್ಲಿ ಅಷ್ಟೇ ಸಲೀಸಾಗಿ ಆಗುವುದಿಲ್ಲ. ಅಷ್ಟು ಪ್ರಮಾಣದ ಬ್ಯಾಕ್ಟೀರಿಯಾವನ್ನು ಬೆಳೆಸಿ ಕಾಪಾಡುವ ಖರ್ಚನ್ನು ರಾಸಾಯನಿಕಗಳ ಬೆಲೆಯ ಎದುರು ತೂಗಿ ನೋಡಬೇಕಾಗುತ್ತದೆ.

ಪ್ರಶ್ನೆ: ಕೆಜಿಎಫ್‌ನ ಸಯನೈಡ್ ದಿಬ್ಬಗಳಲ್ಲಿ ಇನ್ನೂ ಚಿನ್ನ ಇದೆಯೇ?
— ಬಂಗಾರಪೇಟೆಯ ಓದುಗರು

ಉತ್ತರ: ಇದೆ, ಆದರೆ ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ. ಚಿನ್ನ ತೆಗೆದ ಮೇಲೆ ಉಳಿದು, 2001ರಲ್ಲಿ ಗಣಿ ಮುಚ್ಚುವವರೆಗೂ ಬಂದು ಬಿದ್ದ ಅದಿರಿನ ಪುಡಿಯೇ ಈ ದಿಬ್ಬಗಳು; ಅದನ್ನು ಆಗಲೇ ಅರೆದಿರುವುದರಿಂದ ಅಗೆಯುವ, ಒಡೆಯುವ ಖರ್ಚು ಉಳಿಯುತ್ತದೆ. ಲಾಭ ಬರುವುದೋ ಇಲ್ಲವೋ ಎಂಬುದು ಚಿನ್ನದ ಬೆಲೆಯನ್ನು ಮಾತ್ರವಲ್ಲ, ಉಳಿದ ಚಿನ್ನ ಕಣದ ಹೊರಗಿದೆಯೋ ಒಳಗೆ ಸಿಕ್ಕಿಕೊಂಡಿದೆಯೋ ಎಂಬುದನ್ನೂ ಅವಲಂಬಿಸಿದೆ.