ಕ್ರೂಸ್‌ಗೆ ಯಾವ ಸಮುದ್ರ? ಮೊದಲು ತಿಂಗಳು ನೋಡಿ

ಪ್ರಶ್ನೆ: ನಾವು ವಿರಾಜಪೇಟೆ ಕಡೆಯ ಕಾಫಿ ಬೆಳೆಗಾರರು. ಬಿಸಿಲಿರುವ ಕಡೆ ಒಂದು ಕ್ರೂಸ್ ಹೋಗಬೇಕೆಂದು ಬಹಳ ದಿನದ ಆಸೆ. ನಾವಿಬ್ಬರು, ಜೊತೆಗೆ ಮಂಡಿನೋವಿರುವ ಅತ್ತೆ. ಏಜೆಂಟರು ಕೆರಿಬಿಯನ್, ಮೆಡಿಟರೇನಿಯನ್, ದುಬೈ, ಸಿಂಗಾಪುರ ಎಂದು ನಾಲ್ಕು ಪ್ಯಾಕೇಜ್ ಕೊಟ್ಟಿದ್ದಾರೆ. ಕೊಯ್ಲು ಮುಗಿದ ಮೇಲೆ ಹೋಗಬಹುದು, ಆದರೆ ಕಾಫಿ ಹೂ ಅರಳಿಸುವ ಹೂಮಳೆ ಹೊತ್ತಿಗೆ ತೋಟದಲ್ಲಿರಬೇಕು. ಇಲ್ಲದಿದ್ದರೆ ಕಕ್ಕಡದಲ್ಲಿ ಹೋಗಬೇಕು. ಯಾವುದು ಒಳ್ಳೆಯದು?
— ಓದುಗರು, ವಿರಾಜಪೇಟೆ

ಉತ್ತರ: ಹಡಗಿನ ಫೋಟೊ, ಈಜುಕೊಳ, ರಿಯಾಯಿತಿ ಎಲ್ಲಾ ಆಮೇಲೆ ನೋಡೋಣ. ನಿಮಗೆ ಬಿಡುವಿರುವುದು ಎರಡೇ ಸಲ. ರೊಬಸ್ಟಾ ಕೊಯ್ಲು ಮುಗಿದು ಸ್ಪ್ರಿಂಕ್ಲರ್ ಶುರುವಾಗುವ ಮುಂಚಿನ ಫೆಬ್ರವರಿಯ ಕೆಲವು ದಿನ, ಇಲ್ಲವೇ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ. ಈ ನಾಲ್ಕರಲ್ಲಿ ಎರಡೂ ಕಾಲಕ್ಕೆ ಹೊಂದುವ ಸಮುದ್ರ ಒಂದೂ ಇಲ್ಲ. ಹಾಗಾಗಿ ತಿಂಗಳು ಮೊದಲು, ಸಮುದ್ರ ಆಮೇಲೆ.

ಫೆಬ್ರವರಿಯಾದರೆ ನಾನು ಸಿಂಗಾಪುರವನ್ನೇ ಹೇಳುತ್ತೇನೆ. ಆದರೆ ಹಡಗು ಅಲ್ಲಿಂದ ಯಾವ ಕಡೆ ತಿರುಗುತ್ತದೆ ಎಂದು ಕೇಳಿ ತಿಳಿದುಕೊಳ್ಳಿ. ಪಶ್ಚಿಮಕ್ಕೆ ತಿರುಗಿದರೆ ಮಲಕ್ಕಾ ಜಲಸಂಧಿ, ಪೆನಾಂಗ್, ಫುಕೆಟ್. ಒಂದು ಬದಿಯಲ್ಲಿ ಸುಮಾತ್ರಾ, ಇನ್ನೊಂದು ಬದಿಯಲ್ಲಿ ಮಲಯ ಪರ್ಯಾಯ ದ್ವೀಪ. ಎರಡೂ ಕಡೆ ನೆಲ ಅಡ್ಡ ನಿಂತಿರುವುದರಿಂದ ದೊಡ್ಡ ಅಲೆ ಒಳಗೆ ಬರುವುದು ಕಷ್ಟ. ಫುಕೆಟ್ ಕಡೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಒಣಹವೆ. ಸಿಂಗಾಪುರದಲ್ಲಿ ಡಿಸೆಂಬರ್, ಜನವರಿಯ ಜೋರು ಮಳೆ ಫೆಬ್ರವರಿ ಹೊತ್ತಿಗೆ ತಗ್ಗಿರುತ್ತದೆ. ಅದೇ ಹಡಗು ಪೂರ್ವಕ್ಕೆ, ವಿಯೆಟ್ನಾಂ ಕಡೆ ಹೋದರೆ ಕಥೆ ಬೇರೆ. ಆ ತಿಂಗಳಲ್ಲಿ ದಕ್ಷಿಣ ಚೀನಾ ಸಮುದ್ರದ ಮೇಲೆ ಈಶಾನ್ಯ ಮಾರುತ ಇನ್ನೂ ಬೀಸುತ್ತಿರುತ್ತದೆ. ಬಂದರು ಅದೇ, ದುಡ್ಡೂ ಹೆಚ್ಚುಕಡಿಮೆ ಅಷ್ಟೇ, ಆದರೆ ಅತ್ತೆಗೆ ಹಾಸಿಗೆ ಬಿಟ್ಟು ಏಳಲಾಗದ ಸ್ಥಿತಿ ಬರಬಹುದು.

ಇನ್ನೊಂದು ಕಾರಣವೂ ಇದೆ. ಚಂಡಮಾರುತ ಹುಟ್ಟಬೇಕಾದರೆ ನೀರು ಸುಮಾರು 26 ಡಿಗ್ರಿಗಿಂತ ಬೆಚ್ಚಗಿದ್ದರೆ ಸಾಲದು, ಗಾಳಿಯನ್ನು ಸುತ್ತಿಸಲು ಭೂಮಿ ತಿರುಗುವುದರ ಪರಿಣಾಮವೂ ಬೇಕು. ಸಮಭಾಜಕ ವೃತ್ತದ ಹತ್ತಿರ ಆ ಪರಿಣಾಮ ತೀರಾ ಕಡಿಮೆ. ಸಿಂಗಾಪುರ ಇರುವುದು ಸುಮಾರು 1.3 ಡಿಗ್ರಿ ಉತ್ತರದಲ್ಲಿ. ಚಂಡಮಾರುತ ಬರುವುದೇ ಇಲ್ಲ ಅಂತಲ್ಲ. 2025ರ ನವೆಂಬರ್ ಕೊನೆಯಲ್ಲಿ ಮಲಕ್ಕಾ ಜಲಸಂಧಿಯಲ್ಲೇ ಸೆನ್ಯಾರ್ ಎದ್ದಿತ್ತು. ಆದರೆ ಅದು ತೀರಾ ಅಪರೂಪ.

ಅತ್ತೆಯ ಮಂಡಿ ವಿಷಯವನ್ನು ನೀವು ಒಂದೇ ಸಾಲಲ್ಲಿ ಬರೆದಿದ್ದೀರಿ. ನನಗೆ ಅದೇ ಮುಖ್ಯ ಅನ್ನಿಸಿತು. ಪೆನಾಂಗ್‌ನಲ್ಲಿ ಹಡಗು ದಕ್ಕೆಗೇ ತಾಗಿ ನಿಲ್ಲುತ್ತದೆ. ಇಳಿದರೆ ಜಾರ್ಜ್‌ಟೌನ್ ಪೇಟೆ ಎದುರಿಗೇ ಇದೆ. ಫುಕೆಟ್‌ನಲ್ಲಿ ಮಾತ್ರ ಎಷ್ಟೋ ದೊಡ್ಡ ಹಡಗುಗಳು ಪಾಟಾಂಗ್ ಕೊಲ್ಲಿಯಲ್ಲಿ ಲಂಗರು ಹಾಕುತ್ತವೆ. ಅಲ್ಲಿಂದ ದಡಕ್ಕೆ ಟೆಂಡರ್ ಅನ್ನುವ ಸಣ್ಣ ದೋಣಿ. ಹಡಗಿನ ಕೆಳಗಿನ ಬಾಗಿಲಲ್ಲಿ ನಿಲ್ಲುತ್ತೀರಿ. ಎದುರಿಗಿರುವ ದೋಣಿ ಒಂದು ಅಡಿ ಮೇಲೆ ಬರುತ್ತದೆ, ಮತ್ತೆ ಕೆಳಗೆ ಹೋಗುತ್ತದೆ. ಇಬ್ಬರು ನಾವಿಕರು ಎರಡೂ ತೋಳು ಹಿಡಿದು, ದೋಣಿ ಸಮಕ್ಕೆ ಬಂದ ಕ್ಷಣದಲ್ಲಿ ‘ಈಗ’ ಅನ್ನುತ್ತಾರೆ. ಆಗ ಕಾಲಿಡಬೇಕು. ತಡಮಾಡಿದರೆ ಮುಂದಿನ ಅಲೆಗೆ ಕಾಯಬೇಕು. ಮಂಡಿ ಗಟ್ಟಿ ಇರುವವರಿಗೆ ಇದು ಏನೂ ಅಲ್ಲ, ಅತ್ತೆಗೆ ಕಷ್ಟವೇ. ಆದ್ದರಿಂದ ಬುಕ್ ಮಾಡುವ ಮುಂಚೆ ಪ್ರತಿ ಊರಲ್ಲೂ ‘ದಕ್ಕೆಯೋ, ಟೆಂಡರೋ’ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ದುಬೈ, ಅಬುಧಾಬಿ, ದೋಹಾ ಸುತ್ತುವ ಕ್ರೂಸ್‌ಗೂ ಫೆಬ್ರವರಿ ಒಳ್ಳೆಯ ಕಾಲ. ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ವಿಮಾನ ನಿಲ್ದಾಣ ನಿಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ, ಅಲ್ವಾ? ಕೊಲ್ಲಿ ದೇಶಗಳಿಗೆ ಅಲ್ಲಿಂದಲೇ ನೇರ ವಿಮಾನಗಳಿವೆ. ಆದರೆ ಚಳಿಗಾಲದಲ್ಲಿ ಆ ನೀರು ತಣ್ಣಗಿರುತ್ತದೆ, ಸಂಜೆ ಡೆಕ್ ಮೇಲೆ ಸ್ವೆಟರ್ ಬೇಕಾಗುತ್ತದೆ. ಅತ್ತೆಗೆ ಹಿತ, ಸಮುದ್ರ ಸ್ನಾನದ ಆಸೆ ಇದ್ದರೆ ಸಪ್ಪೆ. ಆ ಭಾಗದ ರಾಜಕೀಯ ಪರಿಸ್ಥಿತಿಯನ್ನೂ ನೋಡಿಕೊಂಡೇ ಮುಂಗಡ ಕಟ್ಟಿ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆದಾಗ ಹಲವು ಕಂಪನಿಗಳು ದಾರಿಯನ್ನೇ ಬದಲಿಸಬೇಕಾಯಿತು.

ಕೆರಿಬಿಯನ್ ಫೆಬ್ರವರಿಯಲ್ಲಿ ನಿಜಕ್ಕೂ ಸುಂದರ. ಆದರೆ ಬೆಂಗಳೂರಿನಿಂದ ಮಯಾಮಿಗೆ ನೇರ ವಿಮಾನ ಇಲ್ಲ. ಅಮೆರಿಕದ ವೀಸಾ ಬೇಕು, ಅದಕ್ಕೆ ಎಷ್ಟು ಕಾಯಬೇಕೋ ಹೇಳಲಾಗದು. ನಿಮಗಿರುವ ಸಣ್ಣ ಬಿಡುವಿಗೆ ಅದು ಹೊಂದುವುದಿಲ್ಲ. ಕಕ್ಕಡದಲ್ಲಂತೂ ಬೇಡವೇ ಬೇಡ. ಅಲ್ಲಿ ಹರಿಕೇನ್, ಅಂದರೆ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಸೆಪ್ಟೆಂಬರ್ 10ರ ಆಸುಪಾಸು ಅದರ ಉಚ್ಛ್ರಾಯ. 2024ರಲ್ಲಿ ಬೆರಿಲ್ ಹರಿಕೇನ್ ಜುಲೈ ಶುರುವಿನಲ್ಲೇ ಎಲ್ಲಕ್ಕಿಂತ ಜೋರಿನ ಐದನೇ ದರ್ಜೆಗೇರಿತ್ತು. ಅಗ್ಗದ ಪ್ಯಾಕೇಜ್ ಕಂಡರೆ ಮೊದಲು ತಿಂಗಳು ನೋಡಿ. ಬಿರುಗಾಳಿ ಬಂದರೆ ಹಡಗು ಬೇರೆ ಕಡೆ ಹೋಗುತ್ತದೆ, ನೀವು ನೋಡಬೇಕೆಂದಿದ್ದ ದ್ವೀಪ ತಪ್ಪುತ್ತದೆ.

ಕಕ್ಕಡವೇ ಗತಿ ಎಂದಾದರೆ ಮೆಡಿಟರೇನಿಯನ್ ಒಂದೇ ಉಳಿಯುತ್ತದೆ. ಆಗ ಸಿಂಗಾಪುರದಲ್ಲಿ ಮಳೆ ಕಡಿಮೆ ಇದ್ದರೂ ಫುಕೆಟ್ ಕಡೆ ನಮ್ಮ ಹಾಗೇ ಮುಂಗಾರು. ಮೆಡಿಟರೇನಿಯನ್‌ನಲ್ಲಿ ಮಳೆಯ ಸುದ್ದಿ ಇಲ್ಲ, ಬಿಸಿಲು ಮಾತ್ರ ಸುಡುತ್ತದೆ. 2023ರ ಜುಲೈನಲ್ಲಿ ಅಥೆನ್ಸ್‌ನ ಅಕ್ರೊಪೊಲಿಸ್ ಅನ್ನು ಬಿಸಿಲಿಗೆ ಹೆದರಿ ಮಧ್ಯಾಹ್ನದ ಹೊತ್ತು ಮುಚ್ಚಿದ್ದರು. ಗ್ರೀಸ್ ದ್ವೀಪಗಳ ಕಡೆ ಜುಲೈ, ಆಗಸ್ಟ್‌ನಲ್ಲಿ ಮೆಲ್ಟೆಮಿ ಅನ್ನುವ ಉತ್ತರದ ಗಾಳಿ ಜೋರು. ಅದಕ್ಕಿಂತ ಬಾರ್ಸಿಲೋನಾ, ಮಾರ್ಸೇಲ್, ಜಿನೋವಾ ಇರುವ ಪಶ್ಚಿಮದ ದಾರಿ ವಾಸಿ. ಪಟ್ಟಿಯಲ್ಲಿ ‘ರೋಮ್’ ಎಂದಿದ್ದರೆ ಹಡಗು ನಿಲ್ಲುವುದು ಚಿವಿತಾವೆಕಿಯಾದಲ್ಲಿ. ಅಲ್ಲಿಂದ ರೋಮ್‌ಗೆ ಬಸ್ಸಿನಲ್ಲಿ ಹೋಗಲು ಒಂದು ಗಂಟೆಗೂ ಜಾಸ್ತಿ, ಬರಲೂ ಅಷ್ಟೇ. ಅತ್ತೆ ಜೊತೆಗಿದ್ದರೆ ಆ ಒಂದು ದಿನ ಹಡಗಲ್ಲೇ ಉಳಿಯುವುದು ಮೇಲು.

ನನ್ನನ್ನು ಕೇಳಿದರೆ ಫೆಬ್ರವರಿ, ಸಿಂಗಾಪುರದಿಂದ ಪಶ್ಚಿಮಕ್ಕೆ, ಮೂರ್ನಾಲ್ಕು ರಾತ್ರಿಯದ್ದು. ಹಡಗು ಸಿಂಗಾಪುರಕ್ಕೇ ವಾಪಸ್ ಬರುವುದರಿಂದ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸಬಹುದಾದ ವೀಸಾ ಬೇಕು. ಟಿಕೆಟ್ ದರದ ಮೇಲೆ ಸಿಬ್ಬಂದಿಯ ಟಿಪ್ಸ್, ಊರು ಸುತ್ತುವ ಖರ್ಚು, ವೈಫೈ ಸೇರುತ್ತವೆ. ದೊಡ್ಡ ಬ್ಯಾಗನ್ನು ಟರ್ಮಿನಲ್‌ನಲ್ಲೇ ತೆಗೆದುಕೊಳ್ಳುತ್ತಾರೆ, ಕೋಣೆಗೆ ಬರುವುದು ಗಂಟೆಗಟ್ಟಲೆ ತಡವಾಗಬಹುದು. ಅತ್ತೆಯ ಮಾತ್ರೆ ಕೈಚೀಲದಲ್ಲೇ ಇರಲಿ.

ಪ್ರಶ್ನೆ: ನನಗೆ ಘಾಟಿಯಲ್ಲೇ ವಾಂತಿ ಬರುತ್ತದೆ. ಹಡಗಿನಲ್ಲಿ ಗತಿಯೇನು?
— ಓದುಗರು, ಸೋಮವಾರಪೇಟೆ

ಉತ್ತರ: ಬಸ್ಸಿನ ಹಿಂದಿನ ಸೀಟು ಎತ್ತಿಹಾಕುವ ಹಾಗೆ ಹಡಗಿನ ಎರಡು ತುದಿಗಳು ಹೆಚ್ಚು ಆಡುತ್ತವೆ. ನಡುಭಾಗದ, ಕೆಳಗಿನ ಅಂತಸ್ತಿನ ಕೋಣೆ ಕೇಳಿ. ಬಾಲ್ಕನಿ ಇರುವ ಎತ್ತರದ ಕೋಣೆ ನಿಮಗೆ ಬೇಡ. ಮಾತ್ರೆಯನ್ನು ವಾಂತಿ ಶುರುವಾಗುವ ಮೊದಲೇ ತೆಗೆದುಕೊಳ್ಳಬೇಕು. ಯಾವುದು ಎಂದು ನಿಮ್ಮ ಡಾಕ್ಟರನ್ನೇ ಕೇಳಿ, ಕೆಲವು ಮಾತ್ರೆಗಳಿಂದ ನಿದ್ದೆ ಜಾಸ್ತಿ ಬರುತ್ತದೆ.

ಪ್ರಶ್ನೆ: ಮಕ್ಕಳಿಗೆ ಬೇಸಿಗೆ ರಜೆ. ಮೇ ಕೊನೆಯಲ್ಲಿ ಲಕ್ಷದ್ವೀಪದ ಹಡಗು ಹತ್ತಬಹುದೇ?
— ಓದುಗರು, ಗೋಣಿಕೊಪ್ಪ

ಉತ್ತರ: ಒಂದು ತಿಂಗಳು ಮುಂಚೆ ಹೋಗಿ. ಮೇ ಕೊನೆಯಲ್ಲಿ ಮುಂಗಾರು ಬಾಗಿಲಲ್ಲೇ ಇರುತ್ತದೆ. 2021ರ ತೌಕ್ತೆ ಚಂಡಮಾರುತ ಮೇ ತಿಂಗಳ ಮಧ್ಯದಲ್ಲಿ ಲಕ್ಷದ್ವೀಪದ ಹತ್ತಿರವೇ ಹುಟ್ಟಿತು. ಏಪ್ರಿಲ್‌ನಲ್ಲಿ ಸಮುದ್ರ ಸಾಮಾನ್ಯವಾಗಿ ಶಾಂತ, ಲಗೂನ್ ನೀರು ತಿಳಿ. ಮಕ್ಕಳಿಗೆ ಹವಳ ನೋಡಲು ಅಷ್ಟು ದೂರದ ಕೆರಿಬಿಯನ್ ಬೇಕಾಗಿಲ್ಲ. ದ್ವೀಪಕ್ಕೆ ಪ್ರವೇಶ ಪರವಾನಗಿ ಕಡ್ಡಾಯ, ಹಾಗಾಗಿ ಮಕ್ಕಳ ದಾಖಲೆ ಸಮೇತ ಅರ್ಜಿಯನ್ನು ಬೇಗ ಹಾಕಿ. ಅಲ್ಲೂ ಹಡಗಿನಿಂದ ದಡಕ್ಕೆ ಸಣ್ಣ ದೋಣಿಯಲ್ಲೇ ಇಳಿಯಬೇಕಾಗಬಹುದು. ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ ಎಂದು ಹತ್ತುವ ದಿನವೇ ನೋಡಿಕೊಳ್ಳಿ.