ಮನೆ ರಿಪೇರಿ ಸಾಮಾನಿಗೆ ನಾವೇ ಅಂಗಡಿ ಸುತ್ತಿದರೆ ದುಡ್ಡು ಉಳಿಯುತ್ತಾ?

ನೀವು ಕೇಳಿರೋದು ಇಷ್ಟು: ತುಮಕೂರಿನಲ್ಲಿ ಹಳೇ ಮನೆ ರಿಪೇರಿಗೆ ಕೈ ಹಾಕಿದ್ದೀರಿ. ಹಾಲ್‌ಗೆ ಟೈಲ್ಸ್, ಎರಡು ಬಾತ್‌ರೂಮ್ ಪೂರ್ತಿ ಹೊಸದು, ಅಡುಗೆಮನೆಗೆ ಕಬೋರ್ಡ್. ಮೇಸ್ತ್ರಿ ತಮಗೆ ಗೊತ್ತಿರೋ ಅಂಗಡಿಗೇ ಬನ್ನಿ ಅಂತಿದ್ದಾರೆ. ನಾವೇ ನಾಲ್ಕು ಕಡೆ ವಿಚಾರಿಸಿದರೆ ನಿಜಕ್ಕೂ ಉಳಿಯುತ್ತಾ, ಅದಕ್ಕೆ ಬೆಂಗಳೂರಿಗೆ ಹೋಗಬೇಕಾ?

ನಾವೂ ತುಮಕೂರಿನವರೇ, ಹೆಚ್ಚುಕಮ್ಮಿ ಇದೇ ಕೆಲಸ ಮಾಡಿಸಿದವರು. ಖಂಡಿತ ಉಳಿಯುತ್ತೆ. ಆದರೆ ಎಲ್ಲ ಸಾಮಾನಿನಲ್ಲೂ ಅಲ್ಲ. ಬರೀ ರೇಟ್ ಕೇಳಿಕೊಂಡು ಬಂದರೂ ಉಳಿಯಲ್ಲ, ಯಾಕಂದ್ರೆ ಇಬ್ಬರು ಅಂಗಡಿಯವರು ಹೇಳೋ ರೇಟು ಒಂದೇ ವಸ್ತುವಿನದ್ದಾಗಿರೋದು ಅಪರೂಪ. ಮೊದಲು ವಸ್ತು ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ, ರೇಟು ಆಮೇಲೆ.

ಟೈಲ್ಸ್‌ನಿಂದ ಶುರು ಮಾಡ್ತೀನಿ, ಗೊಂದಲ ಅಲ್ಲೇ ಜಾಸ್ತಿ. ನಾವು ಎರಡಡಿ-ಎರಡಡಿ ಅನ್ನೋ ಟೈಲು 600 ಮಿ.ಮೀ. ಚೌಕ. ಬಾಕ್ಸ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಇರುತ್ತೆ. ಬಾಯಿಲೆಕ್ಕದಲ್ಲಿ ಬಾಕ್ಸ್‌ಗೆ 16 ಚದರಡಿ. ನಿಜವಾದ ಅಳತೆ 1.44 ಚದರ ಮೀಟರ್, ಅಂದರೆ 15.5 ಚದರಡಿ. ನಮಗೆ ಒಂದು ಕಡೆ ಚದರಡಿಗೆ 52 ರೂಪಾಯಿ ಅಂದರು, ಇನ್ನೊಂದು ಕಡೆ 54. ಕೇಳಿದ ತಕ್ಷಣ ಮನಸ್ಸು 52ರ ಕಡೆಗೇ ಹೋಗುತ್ತೆ. ಬಾಕ್ಸ್ ಎಷ್ಟಕ್ಕೆ ಬೀಳುತ್ತೆ ಅಂತ ಕೇಳಿದಾಗ ಮೊದಲನೆಯವರು 16ರಿಂದ ಗುಣಿಸಿ 832 ಅಂದರು, ಎರಡನೆಯವರು 15.5ರಿಂದ ಗುಣಿಸಿ 837. ಚದರಡಿಗೆ ಎರಡು ರೂಪಾಯಿ, ಅಂದರೆ ಬಾಕ್ಸ್‌ಗೆ ಮೂವತ್ತರಷ್ಟು ಕಾಣ್ತಿದ್ದ ವ್ಯತ್ಯಾಸ ಐದೇ ರೂಪಾಯಿಗೆ ಇಳಿದು ನಿಂತಿತು. ಟ್ಯಾಕ್ಸ್ ಸೇರಿದೆಯಾ ಅಂತ ಕೇಳಿದರೆ ಎರಡನೆಯದಕ್ಕೆ ಸೇರಿತ್ತು, ಮೊದಲನೆಯದಕ್ಕೆ ಶೇ. 18 ಜಿಎಸ್‌ಟಿ ಬೇರೆ. ಅದನ್ನೂ ಕೂಡಿಸಿದರೆ 982! ಮೊದಲನೆಯವರು ಸುಳ್ಳು ಹೇಳಿರಲಿಲ್ಲ, ಅವರ ಲೆಕ್ಕದ ರೂಢಿಯೇ ಹಾಗೆ. ಕೇಳೋದು ನಮ್ಮ ಕೆಲಸ. ಅದಕ್ಕೇ ಎಲ್ಲಿ ಹೋದರೂ ಒಂದೇ ಮಾತು ಕೇಳಿ: ಟ್ಯಾಕ್ಸ್ ಸೇರಿ, ಮನೆ ಬಾಗಿಲಿಗೆ ತಂದು ಇಳಿಸಿ, ಬಾಕ್ಸ್‌ಗೆ ಎಷ್ಟು? ಗಾಡಿ ಬಾಡಿಗೆ, ಇಳಿಸೋ ಕೂಲಿ, ಮೇಲಿನ ಮಹಡಿಗೆ ಹೊರೋದಾದರೆ ಅದರ ಕೂಲಿ, ಎಲ್ಲ ಆ ಉತ್ತರದಲ್ಲೇ ಬರಲಿ.

ಬಾಕ್ಸ್ ಮೇಲೆ ಬರೆದಿರೋದನ್ನೂ ಓದಿ. ಪ್ರೀಮಿಯಂ ಅಂತಿದ್ದರೆ ಮೊದಲ ದರ್ಜೆ. ಸ್ಟ್ಯಾಂಡರ್ಡ್, ಕಮರ್ಷಿಯಲ್ ಅಂತಿದ್ದರೆ ಅಂಚು, ಬಣ್ಣ, ಅಳತೆಯಲ್ಲಿ ಸಣ್ಣಪುಟ್ಟ ಹೆಚ್ಚುಕಮ್ಮಿ ಇರೋ ಮಾಲು. ಡಿಸೈನ್ ಒಂದೇ ಆಗಿದ್ದರೂ ಇವೆರಡರ ರೇಟು ಹೋಲಿಸೋ ಹಾಗಿಲ್ಲ. ನೆಲಕ್ಕೆ ಹಾಕೋ ವಿಟ್ರಿಫೈಡ್ ಟೈಲು ಹೀರೋ ನೀರು ಶೇ. 0.5ಕ್ಕಿಂತ ಕಮ್ಮಿ, ಗೋಡೆಗೆ ಹಾಕೋ ಸಿರಾಮಿಕ್ ಟೈಲು ಶೇ. 10ಕ್ಕಿಂತ ಜಾಸ್ತಿ ಹೀರುತ್ತೆ. ಆದ್ದರಿಂದ ಕಮ್ಮಿಗೆ ಸಿಕ್ಕಿತು ಅಂತ ಗೋಡೆ ಟೈಲನ್ನ ನೆಲಕ್ಕೆ ಹಾಕಿಸಬೇಡಿ. ಬಾತ್‌ರೂಮ್ ನೆಲಕ್ಕೆ ಆಂಟಿ ಸ್ಕಿಡ್, ಅಂದರೆ ಕಾಲು ಜಾರದ ಟೈಲೇ ಬೇಕು. ಮನೆಯಲ್ಲಿ ವಯಸ್ಸಾದವರಿದ್ದರೆ ಈ ಒಂದು ವಿಷಯದಲ್ಲಿ ರೇಟು ನೋಡಲೇಬೇಡಿ ಅಂತ ಕೈಮುಗಿದು ಕೇಳ್ತೀನಿ.

ಬಾತ್‌ರೂಮ್ ಫಿಟಿಂಗ್ಸ್‌ನಲ್ಲಿ ಆಟ ಬೇರೆ ಥರ. ಅಲ್ಲಿ ಡಿಸ್ಕೌಂಟ್ ಮಾತೇ ಜೋರು: ಒಬ್ಬರು ಶೇ. 30, ಇನ್ನೊಬ್ಬರು ಶೇ. 40. ಎಷ್ಟು ಎಂಆರ್‌ಪಿ ಮೇಲೆ ಅನ್ನೋದು ಗೊತ್ತಿಲ್ಲದೆ ಆ ಶೇಕಡಾವಾರಿಗೆ ಬೆಲೆಯೇ ಇಲ್ಲ. ಕಂಪನಿ ಹೆಸರು ಹೇಳಿದರೂ ಸಾಲದು, ಮಾಡೆಲ್ ಕೋಡ್ ಬೇಕು. ಒಂದೇ ಕಂಪನಿಯಲ್ಲಿ ನೋಡೋಕೆ ಒಂದೇ ಥರ ಇರೋ ಎರಡು ನಲ್ಲಿ ಕೈಯಲ್ಲಿ ಹಿಡಿದರೆ ತೂಕವೇ ಬೇರೆ. ಹಿತ್ತಾಳೆ ಎಷ್ಟಿದೆ ಅನ್ನೋದು ಕೈಗೇ ಗೊತ್ತಾಗುತ್ತೆ. ಮೊದಲ ಸುತ್ತಿನಲ್ಲಿ ಏನೂ ಕೊಳ್ಳಬೇಡಿ, ಬರೀ ನೋಡಿ, ಮುಟ್ಟಿ, ಕೋಡ್ ಬರೆದುಕೊಳ್ಳಿ. ಕಮೋಡ್, ವಾಶ್ ಬೇಸಿನ್, ಡೈವರ್ಟರ್ (ನೀರನ್ನ ನಲ್ಲಿಗೋ ಶವರ್‌ಗೋ ತಿರುಗಿಸೋದು), ಶವರ್, ಆಂಗಲ್ ಕಾಕ್, ಹೆಲ್ತ್ ಫಾಸೆಟ್, ವೇಸ್ಟ್ ಕಪ್ಲಿಂಗ್ ಹೀಗೆ ಪೂರ್ತಿ ಪಟ್ಟಿ ಮಾಡಿ, ಅದೇ ಪಟ್ಟಿ ಎಲ್ಲ ಅಂಗಡಿಗೂ ಕೊಟ್ಟು ಐಟಂ ಐಟಂ ಬಿಡಿಸಿ ಕೊಟೇಶನ್ ಕೇಳಿ. ಕಮೋಡ್ ಮೇಲೆ ಭಾರೀ ರಿಯಾಯಿತಿ ಕೊಟ್ಟು ಸಣ್ಣ ಸಾಮಾನಿನಲ್ಲಿ ವಸೂಲಿ ಮಾಡಿಕೊಳ್ಳೋದು ಬಿಡಿಸಿದಾಗ ಮಾತ್ರ ಕಣ್ಣಿಗೆ ಬೀಳುತ್ತೆ. ಗೋಡೆಯೊಳಗೆ ಹೋಗೋ ಸಾಮಾನು, ಅಂದರೆ ಡೈವರ್ಟರ್ ಬಾಡಿ, ಕಮೋಡಿನ ಕನ್ಸೀಲ್ಡ್ ಟ್ಯಾಂಕು, ಪೈಪು, ಇವುಗಳಲ್ಲಿ ಚೌಕಾಸಿಗಿಂತ ಬಿಡಿಭಾಗ ಊರಲ್ಲೇ ಸಿಗುತ್ತಾ ಅನ್ನೋದು ಮುಖ್ಯ.

ಪ್ಲೈವುಡ್‌ಗೆ ಟೇಪ್ ಹಿಡಿದುಕೊಂಡೇ ಹೋಗಿ. ಶೀಟು 8 ಅಡಿ ಉದ್ದ 4 ಅಡಿ ಅಗಲ, 32 ಚದರಡಿ; ಅದರಲ್ಲಿ ಮೋಸ ಇಲ್ಲ. ದಪ್ಪದಲ್ಲಿ ಇರುತ್ತೆ. 18 ಎಂ.ಎಂ. ಅಂತ ಕೊಡೋದು ಅಳೆದರೆ 16 ಬರಬಹುದು. ಅಂಚನ್ನ ಕಣ್ಣಿನ ಹತ್ತಿರ ತಂದು ನೋಡಿ: ಪದರಗಳು ಒಂದೇ ಸಮ ಕೂತಿವೆಯಾ, ನಡುವೆ ಸಂದಿ ಬಿಟ್ಟಿದೆಯಾ, ಸಂದಿಗೆ ಪುಟ್ಟಿ ಮೆತ್ತಿದ್ದಾರಾ. ಸಿಂಕ್ ಕೆಳಗೆ, ನೀರು ತಾಗೋ ಜಾಗಕ್ಕೆ ಐಎಸ್ 710 (ನೀರು ತಡೆಯೋ ಪ್ಲೈವುಡ್‌ನ ಸರ್ಕಾರಿ ಗುಣಮಟ್ಟದ ನಂಬರ್) ಗುರುತಿರೋದು ತಗೊಳ್ಳಿ. ಬೆಡ್‌ರೂಮ್ ವಾರ್ಡ್‌ರೋಬ್‌ಗೆ ಅಷ್ಟು ಬೇಡ, ಐಎಸ್ 303 ನಡೆಯುತ್ತೆ. ಸೀಲಿನಲ್ಲಿ ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರ್ ಇರುತ್ತೆ. ಈ ಗುರುತು ಕೊಡೋ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಆ ಲೈಸೆನ್ಸ್ ಯಾರದು, ಚಾಲ್ತಿಯಲ್ಲಿದೆಯಾ ಅಂತ ಅಂಗಡಿಯಲ್ಲಿ ನಿಂತೇ ನೋಡಬಹುದು. ನಾವು ಹಾಗೆ ನೋಡ್ತಿದ್ದಾಗ ಅಂಗಡಿಯವರೇ "ಮೇಡಂ, ಅದು ಬೇಡ ಬಿಡಿ, ಒಳಗಡೆ ಒಳ್ಳೇ ಮಾಲಿದೆ" ಅಂತ ಬೇರೆ ಶೀಟು ತೆಗೆಸಿದರು.

ಈಗ ಬೆಂಗಳೂರಿನ ವಿಷಯ. ಎಪ್ಪತ್ತು ಕಿಲೋಮೀಟರ್ ದೂರ, ಹೋಗಿಬರೋದು ಕಷ್ಟವಲ್ಲ. ಮಾದಾವರದಲ್ಲೋ ನಾಗಸಂದ್ರದಲ್ಲೋ ಬಸ್ಸಿಳಿದು ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಸೀದಾ ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ ಸ್ಟೇಷನ್. ಅಲ್ಲಿಂದ ಎಸ್.ಜೆ.ಪಿ. ರಸ್ತೆಗೆ ಹಾರ್ಡ್‌ವೇರ್‌ಗೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಎಲೆಕ್ಟ್ರಿಕಲ್ ಸಾಮಾನು, ಲೈಟಿಗೆ ನಡೆದೇ ಹೋಗಬಹುದು. ಪ್ಲೈವುಡ್, ಮರಕ್ಕೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್. ಭಾನುವಾರ ಮಾತ್ರ ಹೋಗಬೇಡಿ, ಪೇಟೆಯ ಬಹಳಷ್ಟು ಅಂಗಡಿ ಮುಚ್ಚಿರುತ್ತೆ. ನಾಗಸಂದ್ರದಲ್ಲಿ 2022ರಲ್ಲಿ ಶುರುವಾದ ಐಕಿಯಾ ಅನ್ನೋ ದೊಡ್ಡ ಪೀಠೋಪಕರಣದ ಅಂಗಡಿ ಇದೆಯಲ್ಲ, ಅಲ್ಲಿ ಕೊಳ್ಳದಿದ್ದರೂ ಒಮ್ಮೆ ಸುತ್ತಿ. ಪ್ರತಿ ವಸ್ತುವಿನ ಮೇಲೂ ಅಳತೆ, ಬೆಲೆ ಬರೆದಿರುತ್ತೆ, ಯಾರೂ ಬಂದು ಒತ್ತಾಯ ಮಾಡಲ್ಲ. ಅಡುಗೆಮನೆಯ ಕಟ್ಟೆ ಎಷ್ಟೆತ್ತರ ಇದ್ದರೆ ನಮಗೆ ಸರಿ, ಡ್ರಾಯರ್ ಎಷ್ಟು ಆಳ ಬೇಕು ಅನ್ನೋದು ನನಗೆ ಸ್ಪಷ್ಟವಾಗಿದ್ದು ಅಲ್ಲಿ ನಿಂತು ನೋಡಿದ ಮೇಲೆ.

ಆದರೆ ತರೋ ಲೆಕ್ಕ ಹಾಕಿ. ವೈರು, ಸ್ವಿಚ್ಚು, ಹಿಂಜ್, ಡ್ರಾಯರ್ ಚಾನೆಲ್, ಹ್ಯಾಂಡಲ್, ಲೈಟು, ಇವು ಭಾರ ಕಮ್ಮಿ ಬೆಲೆ ಜಾಸ್ತಿ, ಬೆಂಗಳೂರಿಂದ ತಂದರೆ ಲಾಭ. ವೈರಿನ ಕಾಯಿಲ್ 90 ಮೀಟರೇ ಅಂತ ಲೇಬಲ್ ನೋಡಿ. ತಾಮ್ರದ ದರ ಏರಿದಂತೆ ವೈರಿನ ರೇಟೂ ಏರುತ್ತೆ, ಹಾಗಾಗಿ ಒಂದೆರಡು ದಿನದೊಳಗೆ ಕೇಳಿದ ರೇಟುಗಳನ್ನ ಮಾತ್ರ ಹೋಲಿಸಿ. ಟೈಲ್ಸ್, ಪ್ಲೈವುಡ್ ಹಾಗಲ್ಲ. ಒಂದೇ ಟೆಂಪೊ ತುಂಬುವಷ್ಟು ಇದ್ದರೆ ಸರಿ, ಇಲ್ಲದಿದ್ದರೆ ಉಳಿದದ್ದೆಲ್ಲ ಬಾಡಿಗೆಗೇ ಹೋಗುತ್ತೆ. ಬೆಂಗಳೂರಿನ ಕೊಟೇಶನ್ ಇಟ್ಟುಕೊಂಡು ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ಮಾತಾಡಿ. ಹಾಗೆ ಮಾತಾಡಿಯೇ ನಮಗೆ ಟೈಲ್ಸ್ ಇಲ್ಲೇ ಸಿಕ್ಕಿತು.

ಸಿಮೆಂಟು, ಮೊಳೆ, ಪೈಪ್ ಜೋಡಿಸೋ ಎಲ್ಬೋ, ಟೀ ಜಾಯಿಂಟು, ಟೆಫ್ಲಾನ್ ಟೇಪು, ಇಂಥವಕ್ಕೆ ಸುತ್ತಲೇಬೇಡಿ. ಪ್ಲಂಬರ್ ದಿನಕ್ಕೆ ಹತ್ತು ಸಲ ಓಡೋದು ಪಕ್ಕದ ಬೀದಿಯ ಅಂಗಡಿಗೇ. ಸಿಮೆಂಟಿಗೆ ಚೀಲದ ಮೇಲಿನ ವಾರ, ವರ್ಷ ನೋಡಿ, ಮೂರು ತಿಂಗಳಿಗಿಂತ ಹಳೆಯದು ಬೇಡ. 2025ರ ಸೆಪ್ಟೆಂಬರ್ 22ರಿಂದ ಅದರ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಆದ್ದರಿಂದ ನೆಂಟರು ಅದಕ್ಕೂ ಮುಂಚೆ ಕೊಂಡ ರೇಟು ಹಿಡಿದುಕೊಂಡು ಹೋಗಬೇಡಿ.

ಮೇಸ್ತ್ರಿ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಅಂಗಡಿಯವರು ಮೇಸ್ತ್ರಿಗೆ, ಕಾರ್ಪೆಂಟರ್‌ಗೆ, ಪೇಂಟರ್‌ಗೆ ಕಮಿಷನ್ ಕೊಡೋದು ಎಲ್ಲರಿಗೂ ಗೊತ್ತಿರೋದೇ. ಪೇಂಟ್ ಬಕೆಟ್ಟಿನೊಳಗೇ ಪೇಂಟರ್‌ಗೆ ಟೋಕನ್ ಇರುತ್ತೆ. ಅದನ್ನ ಕಳ್ಳತನ ಅಂತ ನೋಡಬೇಡಿ. ಕೂಲಿಯನ್ನ ಕಮ್ಮಿ ಮಾಡಿ ಮಾಡಿ ಕೇಳೋದು ನಾವೇ ತಾನೆ, ಆ ಕಮ್ಮಿಯನ್ನ ಅವರು ಇನ್ನೆಲ್ಲಿಂದ ತುಂಬಿಕೊಳ್ಳಬೇಕು? ಶುರುವಿನಲ್ಲೇ ಹೇಳಿಬಿಡಿ: "ಅಣ್ಣಾ, ಸಾಮಾನು ನಾವೇ ತರ್ತೀವಿ, ನಿಮ್ಮ ಕೂಲಿ ಎಷ್ಟಾಗುತ್ತೋ ನ್ಯಾಯವಾಗಿ ಹೇಳಿ, ಚೌಕಾಸಿ ಮಾಡಲ್ಲ." ಹಾಗೆ ಹೇಳಿದ ಮೇಲೆ ಆ ಮಾತಿಗೆ ನಿಲ್ಲಿ. ಮೊದಲ ಸುತ್ತು ಅವರಿಲ್ಲದೆ ಹೋಗಿ, ಆಯ್ಕೆ ಎರಡು ಮೂರಕ್ಕೆ ಇಳಿದ ಮೇಲೆ ಅವರನ್ನ ಕರೆದುಕೊಂಡು ಹೋಗಿ ತೋರಿಸಿ. ಟೈಲು ಬಾಗಿದೆಯಾ ಅಂತ ಎರಡನ್ನ ಮುಖಾಮುಖಿ ಇಟ್ಟು ಅವರು ನೋಡೋ ಥರ ನಮಗೆ ನೋಡೋಕೆ ಬರಲ್ಲ.

ಅವಸರ ಇಲ್ಲದಿದ್ದರೆ ಆಷಾಢದಲ್ಲಿ ಕೊಳ್ಳಿ. ಗೃಹಪ್ರವೇಶ ಇಲ್ಲದ ತಿಂಗಳು, ಅಂಗಡಿಯವರಿಗೂ ಕೂತು ಮಾತಾಡೋ ಪುರುಸೊತ್ತು ಇರುತ್ತೆ. ಬಜೆಟ್ ಎಷ್ಟು ಅಂತ ಮೊದಲೇ ಕೇಳಿದರೆ ಹೇಳಬೇಡಿ, ಹೇಳಿದ ಮೇಲೆ ಅದಕ್ಕಿಂತ ಕೆಳಗಿನ ಮಾಲು ಹೊರಗೇ ಬರಲ್ಲ. "ಬಿಲ್ ಬೇಡ ಅಂದ್ರೆ ಇನ್ನೂ ಕಮ್ಮಿ ಮಾಡ್ತೀವಿ" ಅಂದರೂ ಬಿಲ್ ತಗೊಳ್ಳಿ. ನಲ್ಲಿಯ ವಾರಂಟಿ ಕೇಳೋ ದಿನ ಬಿಳಿ ಚೀಟಿ ಉಪಯೋಗಕ್ಕೆ ಬರಲ್ಲ.

ಟೈಲ್ಸ್ ಅಳತೆಗಿಂತ ಶೇ. 5ರಿಂದ 10 ಜಾಸ್ತಿ ತರಿಸಿ. ಎಲ್ಲ ಬಾಕ್ಸಿನ ಬ್ಯಾಚ್, ಶೇಡ್ ನಂಬರ್ ಒಂದೇ ಇದೆಯಾ ಅಂತ ಗಾಡಿಯಿಂದ ಇಳಿಸುವಾಗಲೇ ನೋಡಿ, ಅಂಟಿಸಿದ ಮೇಲೆ ಯಾರೂ ಕೇಳಲ್ಲ. ಬಿಚ್ಚದ ಬಾಕ್ಸ್ ವಾಪಸ್ ತಗೊಳ್ತೀವಿ ಅಂತ ಅಂಗಡಿಯವರ ಕೈಲಿ ಬಿಲ್ ಮೇಲೇ ಬರೆಸಿಕೊಳ್ಳಿ. ಮಿಕ್ಕಿದ್ದರಲ್ಲಿ ಒಂದು ಬಾಕ್ಸ್ ಮನೆಯಲ್ಲೇ ಇಟ್ಟುಕೊಳ್ಳಿ, ನಾಲ್ಕು ವರ್ಷ ಬಿಟ್ಟು ಒಂದು ಟೈಲು ಸೀಳಿದರೆ ಅದೇ ಶೇಡು ಮಾರ್ಕೆಟ್ಟಿನಲ್ಲಿ ಸಿಗೋದು ಕಷ್ಟ. ಹಾಲ್, ಬಾತ್‌ರೂಮ್‌ಗಳ ಅಳತೆ ಇಲ್ಲೇ ಕೆಳಗೆ ಹಾಕಿದರೆ ಎಷ್ಟು ಬಾಕ್ಸ್ ಬೇಕಾಗುತ್ತೆ ಅಂತ ಲೆಕ್ಕ ಹಾಕಿ ಹೇಳ್ತೀನಿ.